ಕರೆಂಟು ಹೋದರೂ ಗಡಿಯಾರ ತಪ್ಪದ ಹಾಗೆ: ಮಲೆನಾಡಿನ ಮನೆಗೆ ಕ್ರೋನಿ ಕಾನ್ಫಿಗ್ ಫೈಲ್ ಬರೆಯುವ ಸಮಗ್ರ ಮಾರ್ಗದರ್ಶಿ

ಪುನರ್ವಸು ಮಳೆಯ ವಾರ. ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಸೋಮವಾರ ರಾತ್ರಿ ಲೈನ್ ಮೇಲೆ ಮರ ಬಿತ್ತು. ಕರೆಂಟು ಬಂದದ್ದು ಗುರುವಾರ ಬೆಳಿಗ್ಗೆ. ಇಂಟರ್ನೆಟ್ ಬಂದದ್ದು ಶನಿವಾರ. ಜಗಲಿಯ ಪೆಟ್ಟಿಗೆಯಲ್ಲಿದ್ದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಗುರುವಾರ ಎದ್ದು, ಇನ್ನೂ ಸೋಮವಾರ ರಾತ್ರಿ ಅಂತಲೇ ಲೆಕ್ಕ ಬರೆಯತೊಡಗಿತ್ತು. ಅದಕ್ಕೆ ಜೋಡಿಸಿದ ಮಳೆಮಾಪಕದ ಪುಟ್ಟ ಬಕೆಟ್ 0.2 ಮಿಲಿಮೀಟರ್ ಮಳೆಗೆ ಒಮ್ಮೆ ಮಗುಚುತ್ತದೆ. ಮಗುಚಿದ್ದೆಲ್ಲ ಸರಿಯಾಗಿ ಎಣಿಕೆಯಾಗಿತ್ತು. ಆದರೆ ಗುರುವಾರ ಹಗಲು ಬಿದ್ದ ಮಳೆ ಸೋಮವಾರ ರಾತ್ರಿಯ ಖಾತೆಗೆ ಹೋಗಿತ್ತು. ಅಪ್ಪ ದಿನಾ ಬೆಳಿಗ್ಗೆ 8:30ಕ್ಕೆ ಅಳತೆ ಗಾಜು ನೋಡಿ ಕ್ಯಾಲೆಂಡರ್‌ನಲ್ಲಿ ಬರೆಯುವ ಅಂಕಿಗೂ ನಮ್ಮ ಫೈಲಿಗೂ ತಾಳೆಯೇ ಆಗಲಿಲ್ಲ.

ನಮ್ಮ ದೇಶದಲ್ಲಿ ಮಳೆಯ ದಿನ ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ. ಗಡಿಯಾರ ತಪ್ಪಿದರೆ ಮಳೆ ದಿನವನ್ನೇ ಬದಲಾಯಿಸುತ್ತದೆ. ಬೋರ್ಡೋ ಹೊಡೆಯುವ ಮುಂಚೆ ಮಳೆ ಎಷ್ಟು ಹೊತ್ತು ಹೊಳವಾಗಿತ್ತು ಅಂತ ನೋಡುವ ಅಡಿಕೆ ಬೆಳೆಗಾರರಿಗೆ ಇದು ಸಣ್ಣ ವಿಷಯ ಅಲ್ಲ.

ಪೈ ಓಡುವುದು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ. ಅದರಲ್ಲಿ ಗಡಿಯಾರ ಕಾಯುವ ಕೆಲಸಕ್ಕೆ ಕ್ರೋನಿ ಎಂಬ ಸೇವೆ ಇದೆ. ಹಿನ್ನೆಲೆಯಲ್ಲಿ ಸದಾ ಓಡುತ್ತಾ ಇರುತ್ತದೆ. ಅದು ಹೇಗೆ ನಡೆಯಬೇಕು ಅಂತ ನಾವು ಬರೆದಿಡುವ ಕಾನ್ಫಿಗ್ ಫೈಲ್ ಚಿಕ್ಕದು, ಕೆಲಸದ ಸಾಲುಗಳು ಹತ್ತು ಹನ್ನೆರಡು ಅಷ್ಟೇ. ಆ ಸಾಲುಗಳು ಉತ್ತರಿಸುವ ಪ್ರಶ್ನೆಗಳು ಮೂರು: ಟೈಮ್ ಯಾರನ್ನು ಕೇಳಬೇಕು? ತಪ್ಪಿದ್ದರೆ ಹೇಗೆ ತಿದ್ದಬೇಕು? ಕೇಳಿದರೂ ಯಾರೂ ಉತ್ತರ ಕೊಡದಿದ್ದರೆ ಏನು ಮಾಡಬೇಕು? ಊರ ಹೊರಗಿನ ಜಗತ್ತಿನ ಜೊತೆ ದಿನಗಟ್ಟಲೆ ಸಂಪರ್ಕ ಕಡಿಯುವ ಮಲೆನಾಡಿನಲ್ಲಿ ಮೂರನೆಯದೇ ಮುಖ್ಯ. ಅದಕ್ಕೇ ಈ ಬರಹದಲ್ಲಿ ಅದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಒಂದು ಸೂಚನೆ. ಆದೇಶದ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಮಾಡಬೇಕು. ಹೆಚ್ಚಿನ ಪದಗಳು ಫೈಲ್ ತೆರೆದ ಕೂಡಲೇ ಕಣ್ಣಿಗೆ ಬೀಳುತ್ತವೆ. ಪಕ್ಕದಲ್ಲಿಟ್ಟುಕೊಂಡು ಓದಿ.

ಹೆಜ್ಜೆ 1: ಹಾಕಿ, ಹುಡುಕಿ, ನಕಲು ಇಡಿ

ರಾಸ್ಪ್‌ಬೆರಿ ಪೈ, ಡೆಬಿಯನ್, ಉಬುಂಟು ಇದ್ದರೆ:

ಸೂಡೋ ಆಪ್ಟ್ ಇನ್‌ಸ್ಟಾಲ್ ಕ್ರೋನಿ

ಮೊದಲಿನಿಂದ ಇದ್ದ ಸಿಸ್ಟಮ್‌ಡಿ ಟೈಮ್‌ಸಿಂಕ್‌ಡಿ ಆಗ ತಾನಾಗಿ ಜಾಗ ಬಿಡುತ್ತದೆ. ಒಂದೇ ಗಡಿಯಾರವನ್ನು ಇಬ್ಬರು ತಿದ್ದಬಾರದು, ಹಾಗಾಗಿ ಅದು ಸರಿಯೇ.

ಕ್ರೋನಿಯಲ್ಲಿ ಎರಡು ತುಂಡು. ಕ್ರೋನಿಡಿ ಎಂಬುದು ಹಿನ್ನೆಲೆಯಲ್ಲಿ ಕೆಲಸ ಮಾಡುವ ಸೇವೆ. ಕ್ರೋನಿಸಿ ಎಂಬುದು ಅದರ ಹತ್ತಿರ ಸಮಾಚಾರ ಕೇಳಲು ನಾವು ಬಳಸುವ ಆದೇಶ. ಕಾನ್ಫಿಗ್ ಫೈಲ್ ಡೆಬಿಯನ್ ಕುಟುಂಬದಲ್ಲಿ /ಇಟಿಸಿ/ಕ್ರೋನಿ/ ಫೋಲ್ಡರ್ ಒಳಗೆ ಕ್ರೋನಿ.ಕಾನ್ಫ್ ಎಂಬ ಹೆಸರಲ್ಲಿದೆ. ಫೆಡೋರಾ, ರೆಡ್‌ಹ್ಯಾಟ್ ಕಡೆಯಲ್ಲಿ ನೇರ /ಇಟಿಸಿ/ ಒಳಗೇ ಇರುತ್ತದೆ. ಮುಟ್ಟುವ ಮುಂಚೆ ಒಂದು ನಕಲು ಮಾಡಿ ಬೇರೆ ಹೆಸರಲ್ಲಿ ಇಟ್ಟುಕೊಳ್ಳಿ.

ಎಷ್ಟೋ ಜನ ಈ ಫೈಲಿನಲ್ಲಿ ಭಾರತೀಯ ಕಾಲಮಾನ ಎಲ್ಲಿ ಬರೆಯಬೇಕು ಅಂತ ಹುಡುಕುತ್ತಾರೆ. ಇಲ್ಲಿ ಅದು ಇಲ್ಲ, ಬೇಕಾಗಿಯೂ ಇಲ್ಲ. ಕ್ರೋನಿಗೆ ಗೊತ್ತಿರುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಕಾಲ ಮಾತ್ರ. ಅದಕ್ಕೆ ಐದೂವರೆ ಗಂಟೆ ಸೇರಿಸಿ ತೋರಿಸುವುದು ಸಿಸ್ಟಮ್‌ನ ಬೇರೆ ಭಾಗ. ಅದಕ್ಕೆ ಟೈಮ್‌ಡೇಟ್‌ಸಿಟಿಎಲ್ ಆದೇಶದಲ್ಲಿ ಸೆಟ್-ಟೈಮ್‌ಜೋನ್ ಏಷ್ಯಾ/ಕೋಲ್ಕತಾ ಅಂತ ಒಮ್ಮೆ ಹೇಳಿದರೆ ಸಾಕು. ನಮ್ಮ ಬೆಳಗಿನ 8:30 ಎಂದರೆ ಯುಟಿಸಿಯಲ್ಲಿ 3:00. ಕ್ರೋನಿ ಬರೆದಿಡುವ ದಾಖಲೆ, ಅಂದರೆ ಲಾಗ್, ಓದುವಾಗ ಇದು ನೆನಪಿರಲಿ, ಅಲ್ಲಿ ಬರುವುದೆಲ್ಲ ಯುಟಿಸಿ.

ಹೆಜ್ಜೆ 2: ಫೈಲಿನ ವ್ಯಾಕರಣ

ಒಂದು ಸಾಲಿಗೆ ಒಂದು ಆದೇಶ. ಮೊದಲ ಪದ ಆದೇಶದ ಹೆಸರು, ಆಮೇಲೆ ಸ್ಪೇಸ್ ಬಿಟ್ಟು ಅದರ ಬೆಲೆಗಳು. ನಡುವೆ ಸಮ ಚಿಹ್ನೆ ಇಲ್ಲ, ಉದ್ಧರಣ ಚಿಹ್ನೆ ಇಲ್ಲ, ಕೊನೆಯಲ್ಲಿ ಅರ್ಧವಿರಾಮ ಇಲ್ಲ. ಬೇರೆ ಸೇವೆಗಳ ಫೈಲ್ ಬರೆದು ಕೈ ಪಳಗಿದವರು ಇಲ್ಲೇ ಎಡವುತ್ತಾರೆ. ಆದೇಶದ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರದ ಭೇದ ಇಲ್ಲ. ಫೈಲಿನ ದಾರಿ ಬರೆಯುವಾಗ ಮಾತ್ರ ಇದೆ.

ಟಿಪ್ಪಣಿ ಸಾಲು ಶುರುವಾಗುವುದು ಈ ನಾಲ್ಕರಲ್ಲಿ ಒಂದು ಚಿಹ್ನೆಯಿಂದ: # % ; ! ಮುಂದೆ ಸ್ಪೇಸ್ ಇದ್ದರೂ ಪರವಾಗಿಲ್ಲ. ಆದರೆ ಟಿಪ್ಪಣಿಗೆ ಇಡೀ ಸಾಲು ಬೇಕು. ಆದೇಶದ ಬಾಲಕ್ಕೆ ಟಿಪ್ಪಣಿ ಅಂಟಿಸುವ ಹಾಗಿಲ್ಲ. ನಾನು ಒಮ್ಮೆ ಹೀಗೆ ಬರೆದಿದ್ದೆ:

ಮೇಕ್‌ಸ್ಟೆಪ್ 1 3 # ತೋಟದ ಪೈಗೆ

ಮನುಷ್ಯರಿಗೆ ಇದು ಸ್ಪಷ್ಟ. ಕ್ರೋನಿಗೆ ಮಾತ್ರ ಬೇಡದ ಪದಗಳು ಬಂದಂತಾಯಿತು. ಆ ಸಾಲು ಅರ್ಥವಾಗಲಿಲ್ಲ ಅಂತ ಹೇಳಿ ಸೇವೆ ಶುರುವಾಗುವುದನ್ನೇ ನಿಲ್ಲಿಸಿತು. ತಪ್ಪು ಸಾಲನ್ನು ಬಿಟ್ಟು ಉಳಿದದ್ದನ್ನು ಓದುವ ಅಭ್ಯಾಸ ಅದಕ್ಕಿಲ್ಲ. ಇದು ಒಳ್ಳೆಯದೇ. ಯಾವ ಫೈಲಿನ ಎಷ್ಟನೇ ಸಾಲು ಅಂತ ಲಾಗ್‌ನಲ್ಲಿ ಹೇಳುತ್ತದೆ, ಹುಡುಕುವ ಕಷ್ಟ ಇಲ್ಲ.

ಇನ್ನೊಂದು ನಿಯಮವನ್ನು ಚೆನ್ನಾಗಿ ತಲೆಯಲ್ಲಿ ಇಟ್ಟುಕೊಳ್ಳಿ. ಸಾಲುಗಳ ಕ್ರಮ ಸಾಮಾನ್ಯವಾಗಿ ಮುಖ್ಯವಲ್ಲ. ಆದರೆ ಒಂದೇ ಆದೇಶ ಎರಡು ಸಲ ಬಂದರೆ ಕೊನೆಯದು ಗೆಲ್ಲುತ್ತದೆ. ಸರ್ವರ್, ಪೂಲ್, ಅಲೋ ಥರದವು ಇದಕ್ಕೆ ಹೊರತು. ಅವು ಎಷ್ಟು ಸಲ ಬಂದರೂ ಒಂದಕ್ಕೊಂದು ಸೇರುತ್ತಾ ಹೋಗುತ್ತವೆ. ಈ ನಿಯಮ ಎಲ್ಲಿ ಕೈ ಕೊಡುತ್ತದೆ ಅಂತ ಏಳನೇ ಹೆಜ್ಜೆಯಲ್ಲಿ ತೋರಿಸುತ್ತೇನೆ.

ಹೆಜ್ಜೆ 3: ಯಾರನ್ನು ಕೇಳುವುದು

ಟೈಮ್ ಕೊಡುವವರನ್ನು ಎರಡು ಥರ ಬರೆಯಬಹುದು. ಒಂದೇ ಯಂತ್ರದ ಹೆಸರಾದರೆ ಸರ್ವರ್. ಹೆಸರಿನ ಹಿಂದೆ ಹಲವು ಯಂತ್ರಗಳಿದ್ದರೆ ಪೂಲ್.

ಪೂಲ್ ಇನ್.ಪೂಲ್.ಎನ್‌ಟಿಪಿ.ಆರ್ಗ್ ಐಬರ್ಸ್ಟ್
ಸರ್ವರ್ ಟೈಮ್.ಎನ್‌ಪಿಎಲ್‌ಇಂಡಿಯಾ.ಆರ್ಗ್ ಐಬರ್ಸ್ಟ್

ಮೊದಲನೆಯದು ಜಗತ್ತಿನಾದ್ಯಂತ ಸ್ವಯಂಸೇವಕರು ನಡೆಸುವ ಸರ್ವರ್‌ಗಳ ಗುಂಪಿನಲ್ಲಿ ಭಾರತದ ಪಾಲು. ಎರಡನೆಯದು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ್ದು. ಭಾರತೀಯ ಪ್ರಮಾಣ ಕಾಲವನ್ನು ಕಾಯುವವರು ಅವರೇ. ಎರಡೂ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಎಷ್ಟು ಜನರನ್ನು ಕೇಳಬೇಕು? ಮನೆಯಲ್ಲಿ ಎರಡು ಗೋಡೆ ಗಡಿಯಾರ ಬೇರೆ ಬೇರೆ ಟೈಮ್ ತೋರಿಸಿದರೆ ಯಾವುದು ಸರಿ ಅಂತ ಹೇಳಲು ಆಗುವುದಿಲ್ಲ, ಅಲ್ವಾ? ಮೂರನೆಯದು ಇದ್ದರೆ ತೀರ್ಮಾನ ಮಾಡಬಹುದು. ಕ್ರೋನಿ ಮಾಡುವುದೂ ಅದನ್ನೇ. ಹೆಚ್ಚಿನವರು ಹೇಳಿದ್ದಕ್ಕೆ ಹೊಂದದ ಸರ್ವರ್‌ ಅನ್ನು ಸುಳ್ಳುಗಡಿಯಾರ ಅಂತ ಗುರುತು ಮಾಡಿ ಪಕ್ಕಕ್ಕಿಡುತ್ತದೆ. ಪೂಲ್ ಸಾಲು ತಾನಾಗಿ ನಾಲ್ಕು ಯಂತ್ರಗಳವರೆಗೆ ಹಿಡಿದುಕೊಳ್ಳುವುದರಿಂದ ಮೇಲಿನ ಎರಡು ಸಾಲು ಸಾಕು.

ಐಬರ್ಸ್ಟ್ ಎಂದರೆ ಶುರುವಿನಲ್ಲಿ ಅವಸರ. ಎರಡೆರಡು ಸೆಕೆಂಡಿಗೆ ಒಂದರಂತೆ ಕೆಲವು ಸಲ ಕೇಳಿ ಬೇಗ ಗಡಿಯಾರ ಸರಿ ಮಾಡಿಕೊಳ್ಳುತ್ತದೆ. ಮಧ್ಯೆ ಮಧ್ಯೆ ಕರೆಂಟು ಹೋಗಿ ಬರುವ ಮನೆಗೆ ಇದು ಬೇಕೇ ಬೇಕು. ಅದಾದ ಮೇಲೆ ಕೇಳುವ ಅಂತರವನ್ನು ಮಿನ್‌ಪೋಲ್, ಮ್ಯಾಕ್ಸ್‌ಪೋಲ್ ಹೇಳುತ್ತವೆ. ಅವುಗಳ ಬೆಲೆ ಎರಡರ ಘಾತ. 6 ಎಂದರೆ 64 ಸೆಕೆಂಡು, 10 ಎಂದರೆ 1024 ಸೆಕೆಂಡು, ಅಂದರೆ ಸುಮಾರು 17 ನಿಮಿಷ. ಬಿಟ್ಟರೆ ಕ್ರೋನಿ ಈ ಎರಡರ ನಡುವೆ ತಾನೇ ಓಡಾಡುತ್ತದೆ. ಇನ್ನೂ ಬೇಗ ಬೇಗ ಕೇಳಿಸೋಣ ಅಂತ ಅನ್ನಿಸಿದರೂ ಮಾಡಬೇಡಿ. ಬೇರೆಯವರು ಬಿಟ್ಟಿಯಾಗಿ ನಡೆಸುವ ಸರ್ವರ್ ಅದು. ಸುಮ್ನೆ ಹೊರೆ ಹಾಕಿದಂತಾಗುತ್ತದೆ, ಲಾಭವೂ ಇಲ್ಲ.

ಹೆಜ್ಜೆ 4: ತಪ್ಪನ್ನು ತಿದ್ದುವ ಬಗೆ

ಗಡಿಯಾರ ತಿದ್ದಲು ಎರಡು ದಾರಿ. ಒಂದು, ಮುಳ್ಳನ್ನು ನಿಧಾನ ಅಥವಾ ಜೋರಾಗಿ ಓಡಿಸಿ ಸಾವಕಾಶವಾಗಿ ಹೊಂದಿಸುವುದು. ಇನ್ನೊಂದು, ಒಮ್ಮೆಲೇ ಜಿಗಿಸುವುದು. ಕ್ರೋನಿ ತಾನಾಗಿ ಮೊದಲ ದಾರಿ ಹಿಡಿಯುತ್ತದೆ. ಲೆಕ್ಕ ಬರೆಯುವ ಯಂತ್ರಕ್ಕೆ ಅದೇ ಕ್ಷೇಮ. ಜಿಗಿದು ಹಿಂದೆ ಹೋದರೆ ಒಂದೇ ಹೊತ್ತು ಎರಡು ಸಲ ಬಂದು ಫೈಲಿನಲ್ಲಿ ಮಳೆ ಗೋಜಲಾಗುತ್ತದೆ.

ಆದರೆ ನಿಧಾನದ ದಾರಿ ತುಂಬಾ ನಿಧಾನ. ಲಿನಕ್ಸ್‌ನಲ್ಲಿ ಎಷ್ಟೇ ಜೋರು ಮಾಡಿದರೂ ಒಂದು ಸೆಕೆಂಡು ತಿದ್ದಲು 12 ಸೆಕೆಂಡು ಬೇಕು. ಒಂದು ಗಂಟೆಯ ತಪ್ಪಿಗೆ 12 ಗಂಟೆ. ಮೂರು ದಿನದ ತಪ್ಪಿಗೆ 36 ದಿನ! ಪುನರ್ವಸುವಿನಲ್ಲಿ ಶುರುವಾದ ತಿದ್ದುಪಡಿ ಆಶ್ಲೇಷಾ ಮಳೆಯವರೆಗೂ ನಡೆಯುತ್ತಿರುತ್ತದೆ. ಅದಕ್ಕೇ ಈ ಸಾಲು:

ಮೇಕ್‌ಸ್ಟೆಪ್ 1 3

ತಪ್ಪು ಒಂದು ಸೆಕೆಂಡಿಗಿಂತ ಜಾಸ್ತಿ ಇದ್ದರೆ ಜಿಗಿಸು, ಆದರೆ ಸೇವೆ ಶುರುವಾದ ಮೇಲಿನ ಮೊದಲ ಮೂರು ತಿದ್ದುಪಡಿಗಳಲ್ಲಿ ಮಾತ್ರ. ಮೂರು ಎಂದರೆ ಮೂರು ನಿಮಿಷವಲ್ಲ, ಮೂರು ಪ್ರಯತ್ನವೂ ಅಲ್ಲ. ನಿಜವಾಗಿ ಉತ್ತರ ಸಿಕ್ಕಿ ಗಡಿಯಾರ ತಿದ್ದಿದ ಸಲಗಳ ಲೆಕ್ಕ. ಹಾಗಾಗಿ ಕರೆಂಟು ಗುರುವಾರ ಬಂದು ಇಂಟರ್ನೆಟ್ ಶನಿವಾರ ಬಂದರೂ ಜಿಗಿತದ ಅವಕಾಶ ಹಾಗೇ ಉಳಿದಿರುತ್ತದೆ. ಮೂರರ ಜಾಗದಲ್ಲಿ -1 ಹಾಕಿದರೆ ಯಾವಾಗ ಬೇಕಾದರೂ ಜಿಗಿಯುತ್ತದೆ. ಮುಚ್ಚಿ ತೆರೆಯುವ ಲ್ಯಾಪ್‌ಟಾಪ್‌ಗೆ ಅದು ಆದೀತು. ಮಳೆ ಬರೆಯುವ ಯಂತ್ರಕ್ಕೆ ನಾನು ಹಾಕುವುದಿಲ್ಲ.

ಹೆಜ್ಜೆ 5: ಡ್ರಿಫ್ಟ್‌ಫೈಲ್

ಪ್ರತಿ ಯಂತ್ರದ ಗಡಿಯಾರ ಓಡಿಸುವ ಹರಳಿಗೂ ಅದರದೇ ಓಟ. ಒಂದು ದಿನಕ್ಕೆ ಸ್ವಲ್ಪ ಮುಂದೆ, ಇಲ್ಲಾ ಸ್ವಲ್ಪ ಹಿಂದೆ. ಕ್ರೋನಿ ಇದನ್ನು ಅಳೆದು, ದಶಲಕ್ಷಕ್ಕೆ ಇಷ್ಟು ಭಾಗ ಎಂಬ ಲೆಕ್ಕದಲ್ಲಿ ಒಂದು ಫೈಲಿನಲ್ಲಿ ಬರೆದಿಡುತ್ತದೆ. ಆ ಫೈಲ್ ಎಲ್ಲಿರಬೇಕು ಅಂತ ಹೇಳುವ ಸಾಲು ಇದು:

ಡ್ರಿಫ್ಟ್‌ಫೈಲ್ /ವಾರ್/ಲಿಬ್/ಕ್ರೋನಿ/ಕ್ರೋನಿ.ಡ್ರಿಫ್ಟ್

ದಶಲಕ್ಷಕ್ಕೆ ಒಂದು ಭಾಗ ಎಂದರೆ ದಿನಕ್ಕೆ 0.0864 ಸೆಕೆಂಡು. ನಿಮ್ಮ ಯಂತ್ರದ ಅಂಕಿ 12.5 ಇದ್ದರೆ ದಿನಕ್ಕೆ 1.08 ಸೆಕೆಂಡು ತಪ್ಪುತ್ತದೆ. ಕ್ರೋನಿ ಅಷ್ಟನ್ನು ಮೊದಲೇ ಕಳೆದು ಓಡಿಸುತ್ತದೆ. ಇಂಟರ್ನೆಟ್ ಮಾತ್ರ ಹೋಗಿ ಕರೆಂಟು ಇದ್ದರೆ ಗಡಿಯಾರ ವಾರವಾದರೂ ಹೆಚ್ಚು ಕೆಡದಿರಲು ಇದೇ ಕಾರಣ. ಹರಳಿನ ಓಟ ಶಾಖಕ್ಕೆ ಬದಲಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಹಂಚಿನ ಮಾಡಿನ ಕೆಳಗೆ ಒಂದು ಅಂಕಿ, ಜಡಿಮಳೆಯ ರಾತ್ರಿ ಇನ್ನೊಂದು ಅಂಕಿ ಕಂಡರೆ ಗಾಬರಿ ಬೇಡ. ಈ ಸಾಲನ್ನು ಇದ್ದ ಹಾಗೇ ಬಿಡಿ.

ಹೆಜ್ಜೆ 6: ಯಾರೂ ಉತ್ತರ ಕೊಡದಾಗ

ಇಡೀ ಕೆಲಸದ ತಿರುಳು ಇದು. ರಾಸ್ಪ್‌ಬೆರಿ ಪೈ 4ರವರೆಗಿನ ಮಾದರಿಗಳಲ್ಲಿ ಬ್ಯಾಟರಿ ಗಡಿಯಾರವೇ ಇಲ್ಲ. ಪೈ 5ರಲ್ಲಿ ಗಡಿಯಾರ ಇದೆ, ಬ್ಯಾಟರಿ ನಾವೇ ಬೇರೆ ತಂದು ಹಾಕಬೇಕು. ಕರೆಂಟು ಹೋದರೆ ಹೊತ್ತು ಎಷ್ಟು ಕಳೆಯಿತು ಅಂತ ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ. ಇದಕ್ಕೆ ಕಾನ್ಫಿಗ್ ಸಾಲು ಎಷ್ಟು ಬರೆದರೂ ಪೂರ್ತಿ ಪರಿಹಾರ ಇಲ್ಲ. ಕ್ರೋನಿಡಿಗೆ -ಎಸ್ ಎಂಬ ಆಯ್ಕೆ ಕೊಟ್ಟರೆ, ಬ್ಯಾಟರಿ ಗಡಿಯಾರ ಇಲ್ಲದಾಗ ಡ್ರಿಫ್ಟ್‌ಫೈಲ್ ಕೊನೆಗೆ ಬರೆದ ಹೊತ್ತಿನಿಂದ ಶುರು ಮಾಡುತ್ತದೆ. ನಿಂತ ಗಡಿಯಾರವನ್ನು ನಿಂತಲ್ಲಿಂದಲೇ ಓಡಿಸಿದ ಹಾಗೆ. ನಮ್ಮ ಸೋಮವಾರದ ಸಮಸ್ಯೆ ಅಲ್ಲೇ ಉಳಿಯುತ್ತದೆ.

ಹಾಗಾಗಿ ಡಿಎಸ್3231 ಎಂಬ ಪುಟ್ಟ ಗಡಿಯಾರದ ಬೋರ್ಡ್ ತಂದು ಹಾಕಿ. ನಾಲ್ಕು ತಂತಿ: ವಿದ್ಯುತ್, ಗ್ರೌಂಡ್, ಎಸ್‌ಡಿಎ, ಎಸ್‌ಸಿಎಲ್. ವಿದ್ಯುತ್ ತಂತಿಯನ್ನು 3.3 ವೋಲ್ಟ್ ಪಿನ್ನಿಗೆ ಕೊಡಿ. ಇಂಥ ಬೋರ್ಡ್‌ಗಳ ಜೊತೆ ಪೈ ಮಾತಾಡುವ ಐಟೂಸಿ ಸಂಪರ್ಕವನ್ನು ಆನ್ ಮಾಡಿ, /ಬೂಟ್/ಫರ್ಮ್‌ವೇರ್/ ಒಳಗಿನ ಕಾನ್ಫಿಗ್.ಟಿಎಕ್ಸ್‌ಟಿ ಫೈಲಿಗೆ ಈ ಸಾಲು ಸೇರಿಸಿ:

ಡಿಟಿಓವರ್‌ಲೇ=ಐ2ಸಿ-ಆರ್‌ಟಿಸಿ,ಡಿಎಸ್3231

ನೋಡಿ, ಈ ಫೈಲಿನಲ್ಲಿ ಸಮ ಚಿಹ್ನೆ ಬೇಕು. ಕ್ರೋನಿಯ ಫೈಲಿನಲ್ಲಿ ಬೇಡ. ಫೇಕ್-ಎಚ್‌ಡಬ್ಲ್ಯೂಕ್ಲಾಕ್ ಎಂಬ ಪ್ಯಾಕೇಜ್ ಇದ್ದರೆ ತೆಗೆದುಹಾಕಿ, ಇನ್ನು ಅದರ ಕೆಲಸ ಇಲ್ಲ. ರೀಬೂಟ್ ಆದ ಮೇಲೆ ಟೈಮ್‌ಡೇಟ್‌ಸಿಟಿಎಲ್ ಕೊಟ್ಟರೆ ಆರ್‌ಟಿಸಿ ಟೈಮ್ ಎಂಬ ಸಾಲಿನಲ್ಲಿ ಬ್ಯಾಟರಿ ಗಡಿಯಾರದ ಹೊತ್ತು ಕಾಣಬೇಕು.

ಈಗ ಕ್ರೋನಿಯ ಫೈಲಿನಲ್ಲಿ ಆರ್‌ಟಿಸಿಸಿಂಕ್ ಎಂಬ ಒಂಟಿ ಪದದ ಸಾಲು ಇದೆಯೇ ನೋಡಿ. ಡೆಬಿಯನ್‌ನಲ್ಲಿ ಮೊದಲೇ ಇರುತ್ತದೆ. ಗಡಿಯಾರ ಸರಿಯಾಗಿರುವಷ್ಟು ಹೊತ್ತು, 11 ನಿಮಿಷಕ್ಕೊಮ್ಮೆ ಆ ಟೈಮನ್ನು ಬ್ಯಾಟರಿ ಗಡಿಯಾರಕ್ಕೆ ಬರೆದಿಡು ಅಂತ ಅದು ಲಿನಕ್ಸ್ ಕರ್ನಲ್‌ಗೆ ಹೇಳುತ್ತದೆ. ಡಿಎಸ್3231ರ ತಪ್ಪು 0ಯಿಂದ 40 ಡಿಗ್ರಿ ಸೆಲ್ಸಿಯಸ್ ಒಳಗೆ ದಶಲಕ್ಷಕ್ಕೆ 2 ಭಾಗ ಮಾತ್ರ. ಮೂರು ದಿನ ಕತ್ತಲೆಯಲ್ಲಿ ಕೂತರೂ ಅರ್ಧ ಸೆಕೆಂಡು. ಮೂರು ದಿನದ ತಪ್ಪು ಎಲ್ಲಿ, ಅರ್ಧ ಸೆಕೆಂಡು ಎಲ್ಲಿ!

ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ತಂತಿ ಒಳಹೋಗುವ ತೂತು ಬಿಗಿ ಮುಚ್ಚಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಕ್ಕೆ ಪಿನ್ನುಗಳು ಹಸಿರಾಗುತ್ತವೆ, ಇರುವೆ ಬೇರೆ ಗೂಡು ಮಾಡುತ್ತದೆ.

ಬ್ಯಾಟರಿ ಗಡಿಯಾರ ಬಂದ ಮೇಲೆ ಇನ್ನೊಂದು ಅನುಕೂಲ ಮಾಡಿಕೊಳ್ಳಬಹುದು. ಮನೆಯ ಕ್ಯಾಮೆರಾ, ಪಂಪ್‌ಸೆಟ್ಟಿನ ಟೈಮರ್, ಇನ್ನೊಂದು ಸೆನ್ಸರ್ ಎಲ್ಲವೂ ಈ ಪೈಯನ್ನೇ ಟೈಮ್ ಕೇಳಲಿ:

ಅಲೋ 192.168.1.0/24
ಲೋಕಲ್ ಸ್ಟ್ರೇಟಮ್ 10

ಅಲೋ ಇಲ್ಲದಿದ್ದರೆ ಕ್ರೋನಿ ಯಾರಿಗೂ ಟೈಮ್ ಕೊಡುವುದಿಲ್ಲ. ನಿಮ್ಮ ರೌಟರ್ ಕೊಡುವ ವಿಳಾಸ ನೋಡಿ ಅಂಕಿ ಬದಲಾಯಿಸಿ. ಫೈರ್‌ವಾಲ್ ಇದ್ದರೆ ಯುಡಿಪಿ 123ನೇ ಪೋರ್ಟ್ ತೆರೆಯಬೇಕು. ಲೋಕಲ್ ಸಾಲು ಇಂಟರ್ನೆಟ್ ಹೋದಾಗಲೂ ನನ್ನ ಟೈಮ್ ನಂಬಿ ಅಂತ ಮನೆಯ ಯಂತ್ರಗಳಿಗೆ ಹೇಳುತ್ತದೆ. 10 ಎಂಬುದು ಮೂಲದಿಂದ ದೂರ ಇದ್ದೇನೆ ಎಂಬ ಸೂಚನೆ. ಇದಕ್ಕಿಂತ ಹತ್ತಿರದವರು ಸಿಕ್ಕರೆ ಅವರನ್ನು ನಂಬಲಿ ಅಂತ. ದಯವಿಟ್ಟು ಬ್ಯಾಟರಿ ಗಡಿಯಾರ ಇಲ್ಲದ ಪೈಯಲ್ಲಿ ಈ ಲೋಕಲ್ ಸಾಲು ಬರೆಯಬೇಡಿ. ತಪ್ಪು ಸೋಮವಾರವನ್ನು ಮನೆಗೆಲ್ಲ ಹಂಚಿದಂತಾಗುತ್ತದೆ.

ಹೆಜ್ಜೆ 7: ನಿಮ್ಮ ಸಾಲುಗಳನ್ನು ಎಲ್ಲಿ ಬರೆಯಬೇಕು

ಮೂಲ ಫೈಲನ್ನು ಆದಷ್ಟು ಮುಟ್ಟದಿರುವುದು ಒಳ್ಳೆಯದು. ಕ್ರೋನಿ 4.0ಯಿಂದ ಈಚೆಗೆ ಇದಕ್ಕೆ ಎರಡು ಫೋಲ್ಡರ್ ವ್ಯವಸ್ಥೆ ಇದೆ. ಕಾನ್ಫ್‌ಡಿರ್ ಸಾಲು ತೋರಿಸುವ ಕಾನ್ಫ್.ಡಿ ಫೋಲ್ಡರಿನಲ್ಲಿ .ಕಾನ್ಫ್ ಎಂದು ಮುಗಿಯುವ ಫೈಲ್. ಸೋರ್ಸ್‌ಡಿರ್ ತೋರಿಸುವ ಸೋರ್ಸಸ್.ಡಿ ಫೋಲ್ಡರಿನಲ್ಲಿ .ಸೋರ್ಸಸ್ ಎಂದು ಮುಗಿಯುವ ಫೈಲ್. ಎರಡನೆಯದರಲ್ಲಿ ಸರ್ವರ್, ಪೂಲ್ ಥರದ ಸಾಲುಗಳು ಮಾತ್ರ ಇರಬೇಕು. ಕೊನೆಯ ಸಾಲಿನ ನಂತರವೂ ಎಂಟರ್ ಒತ್ತಿರಬೇಕು. ಅದನ್ನು ಬದಲಿಸಿದಾಗ ಸೇವೆ ನಿಲ್ಲಿಸದೆ ಸೂಡೋ ಕ್ರೋನಿಸಿ ರೀಲೋಡ್ ಸೋರ್ಸಸ್ ಅಂದರೆ ಸಾಕು.

ಈಗ ಹಿಂದೆ ಹೇಳಿದ ಆ ನಿಯಮ. ಡೆಬಿಯನ್ ಕೊಡುವ ಫೈಲಿನಲ್ಲಿ ಕಾನ್ಫ್‌ಡಿರ್ ಸಾಲು ಎಲ್ಲಕ್ಕಿಂತ ಮೇಲಿದೆ, ಮೇಕ್‌ಸ್ಟೆಪ್ ಕೆಳಗಿದೆ. ನೀವು ಕಾನ್ಫ್.ಡಿ ಒಳಗೆ ನಿಮ್ಮದೇ ಮೇಕ್‌ಸ್ಟೆಪ್ ಬರೆದರೆ ಕ್ರೋನಿ ಅದನ್ನು ಮೊದಲು ಓದುತ್ತದೆ. ಆಮೇಲೆ ಮೂಲ ಫೈಲಿನ ಮೇಕ್‌ಸ್ಟೆಪ್ ಓದುತ್ತದೆ. ಕೊನೆಯದು ಗೆಲ್ಲುತ್ತದೆ. ನೀವು ಬರೆದದ್ದು ಎಲ್ಲೂ ತಪ್ಪು ತೋರಿಸದೆ ಮಾಯವಾಗುತ್ತದೆ. ಅಲೋ, ಲೋಕಲ್ ಮೂಲ ಫೈಲಿನಲ್ಲಿ ಇಲ್ಲದ ಕಾರಣ ಅವಕ್ಕೆ ತೊಂದರೆ ಇಲ್ಲ. ಮೇಕ್‌ಸ್ಟೆಪ್ ಬದಲಿಸಲೇಬೇಕಾದರೆ ಮೂಲ ಫೈಲಿನ ಸಾಲಿನ ಮುಂದೆ # ಹಾಕಿ ಮುಚ್ಚಿ.

ಲಾಗ್ ಸಾಲೂ ಅಲ್ಲೇ # ಹಾಕಿ ಮುಚ್ಚಿದ ಸ್ಥಿತಿಯಲ್ಲಿ ಸಿಗುತ್ತದೆ. ಮೂರು ಬಗೆಯ ಲಾಗ್ ತೆರೆದರೆ ಎಸ್‌ಡಿ ಕಾರ್ಡ್ ಮೇಲೆ ಬರವಣಿಗೆ ಜಾಸ್ತಿ. ನಾನು ಲಾಗ್ ಟ್ರ್ಯಾಕಿಂಗ್ ಒಂದನ್ನೇ ಇಟ್ಟುಕೊಂಡಿದ್ದೇನೆ. ಗಡಿಯಾರ ಯಾವಾಗ ಎಷ್ಟು ತಪ್ಪಿತ್ತು ಅಂತ ನೋಡಲು ಅಷ್ಟು ಸಾಕು.

ಹೆಜ್ಜೆ 8: ಪರೀಕ್ಷೆ

ಸೇವೆ ರೀಸ್ಟಾರ್ಟ್ ಮಾಡುವ ಮುಂಚೆ ಇದನ್ನು ಕೊಡಿ:

ಸೂಡೋ ಕ್ರೋನಿಡಿ -ಪಿ

ಫೋಲ್ಡರುಗಳಲ್ಲಿ ಹಂಚಿಹೋದ ಎಲ್ಲ ಸಾಲುಗಳನ್ನೂ ಓದಿದ ಕ್ರಮದಲ್ಲೇ ಒಟ್ಟಿಗೆ ತೋರಿಸಿ ಹೊರಬರುತ್ತದೆ. ತಪ್ಪಿದ್ದರೆ ಸಾಲಿನ ಸಂಖ್ಯೆ ಹೇಳುತ್ತದೆ. ಮೇಕ್‌ಸ್ಟೆಪ್ ಎರಡು ಸಲ ಕಂಡರೆ ಇಲ್ಲೇ ಸಿಕ್ಕಿಬೀಳುತ್ತದೆ. ಸರಿ ಅನ್ನಿಸಿದ ಮೇಲೆ ಸೂಡೋ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಕ್ರೋನಿ. ಒಂದು ನಿಮಿಷ ಬಿಟ್ಟು ಕ್ರೋನಿಸಿ ಸೋರ್ಸಸ್ ಕೊಡಿ.

ಪ್ರತಿ ಸಾಲಿನ ಮೊದಲ ಎರಡು ಚಿಹ್ನೆ ನೋಡಿ. ^ ಎಂದರೆ ಸರ್ವರ್. ಅದರ ಪಕ್ಕ * ಇದ್ದರೆ ಈಗ ನಂಬಿರುವುದು ಅದನ್ನೇ. + ಇದ್ದರೆ ಅದರ ಮಾತನ್ನೂ ಸೇರಿಸಿಕೊಂಡಿದೆ. - ಇದ್ದರೆ ಸದ್ಯಕ್ಕೆ ಬಿಟ್ಟಿದೆ. ಎಕ್ಸ್ ಅಕ್ಷರ ಇದ್ದರೆ ಸುಳ್ಳುಗಡಿಯಾರ. ? ಇದ್ದರೆ ಸಂಪರ್ಕ ಸಿಕ್ಕಿಲ್ಲ, ಅಥವಾ ಸಿಕ್ಕಿದ್ದು ಬಳಸುವ ಹಾಗಿಲ್ಲ. ರೀಚ್ ಎಂಬ ಅಂಕಣದಲ್ಲಿ 377 ಎಂದಿದ್ದರೆ ಕೊನೆಯ ಎಂಟು ಸಲವೂ ಉತ್ತರ ಬಂದಿದೆ. ಅದು ಎಂಟರ ಮೂಲದ ಸಂಖ್ಯೆ, ಹಾಗಾಗಿ 377ಕ್ಕಿಂತ ಮೇಲೆ ಹೋಗುವುದಿಲ್ಲ. ಜೋರು ಮಳೆಯ ದಿನ ಮೊಬೈಲ್ ನೆಟ್‌ನಲ್ಲಿ ಇದು ಇಳಿದು ಏರುತ್ತಿರುತ್ತದೆ. ಸೊನ್ನೆಯಾಗಿಯೇ ಕೂತರೆ ಮಾತ್ರ ಯೋಚಿಸಿ. ಎಲ್ಲವೂ ? ಆಗಿದ್ದು ಬ್ರೌಸರ್ ಸರಿಯಾಗಿ ಓಡುತ್ತಿದ್ದರೆ ನಿಮ್ಮ ರೌಟರ್ ಯುಡಿಪಿ 123 ತಡೆಯುತ್ತಿದೆಯೇ ನೋಡಿ.

ಕ್ರೋನಿಸಿ ಟ್ರ್ಯಾಕಿಂಗ್ ಕೊಟ್ಟರೆ ಈಗ ಎಷ್ಟು ಸೆಕೆಂಡು ಹಿಂದೆ ಮುಂದೆ ಇದೆ ಅಂತ ಬರುತ್ತದೆ. ಕೊನೆಯ ಲೀಪ್ ಸ್ಟೇಟಸ್ ಸಾಲಿನಲ್ಲಿ ನಾರ್ಮಲ್ ಅಂತ ಇರಬೇಕು.

ಕೊನೆಗೆ ನಿಜವಾದ ಪರೀಕ್ಷೆ, ಮಳೆಗಾಲ ಹಿಡಿಯುವ ಮುಂಚೆಯೇ ಮಾಡಿ. ಆರ್‌ಟಿಸಿಸಿಂಕ್ ಒಮ್ಮೆಯಾದರೂ ಬರೆದಿರಲಿ ಅಂತ ಅರ್ಧ ಗಂಟೆ ಓಡಲು ಬಿಡಿ. ಪೈಯನ್ನು ಸರಿಯಾಗಿ ಶಟ್‌ಡೌನ್ ಮಾಡಿ, ವಿದ್ಯುತ್ ತೆಗೆಯಿರಿ. ರೌಟರ್ ಆಫ್ ಮಾಡಿ. ಒಂದು ರಾತ್ರಿ ಹಾಗೇ ಇರಲಿ. ಬೆಳಿಗ್ಗೆ ರೌಟರ್ ಮುಟ್ಟದೆ ಪೈಗೆ ಮಾತ್ರ ವಿದ್ಯುತ್ ಕೊಡಿ. ಸ್ಕ್ರೀನ್ ಜೋಡಿಸಿ ಡೇಟ್ ಎಂಬ ಆದೇಶ ಕೊಟ್ಟು ಫೋನಿನ ಗಡಿಯಾರದ ಪಕ್ಕ ಹಿಡಿದು ನೋಡಿ. ದಿನಾಂಕವೂ ನಿಮಿಷವೂ ಹೊಂದಿದರೆ ಮಳೆಮಾಪಕದ ಬಕೆಟ್ಟನ್ನು ಬೆರಳಿನಿಂದ ಒಮ್ಮೆ ಮಗುಚಿ, ಫೈಲಿನಲ್ಲಿ ಆ ಮಗುಚು ಈ ಬೆಳಗಿನ ಹೊತ್ತಿಗೇ ಬಿದ್ದಿದೆಯೇ ನೋಡಿ. ಆಮೇಲೆ ರೌಟರ್ ಹಾಕಿ.